ಅವಳ ಹಿಂದಿನ ಚಕ್ರ

ಸೆಪ್ಟೆಂಬರ್ ೨, ಮಂಗಳವಾರ

ಕಾಲರ್ ಮೂಳೆ ಎರಡು ತುಂಡು. ಬಲತೋಳು ಜೋಲಿಯಲ್ಲಿ, ಬೆರಳುಗಳು ಮಾತ್ರ ಹೊರಗೆ. "ಬೆರಳು ಆಡಿಸ್ತಾ ಇರಿ, ಇಲ್ಲಾಂದ್ರೆ ಗಟ್ಟಿಯಾಗಿ ಹೋಗತ್ತೆ" ಎಂದರು ಡಾಕ್ಟರ್. ಆಡಿಸುವುದಕ್ಕೆ ಸೈಕಲ್ ಬ್ರೇಕ್ ಇಲ್ಲದ ಮೇಲೆ ಪೆನ್ನೇ ಗತಿ. ನೋಯುತ್ತಿದೆ. ಇವತ್ತಿಗೆ ಇಷ್ಟೇ.

ಸೆಪ್ಟೆಂಬರ್ ೫, ಶುಕ್ರವಾರ

ನೋಡಲು ಬಂದವರೆಲ್ಲ ಕೇಳುವುದು ಒಂದೇ, ಹೇಗೆ ಬಿದ್ದಿರಿ? ಗೋಡೆಯಲ್ಲಿ ಬಿದ್ದೆ, ಬ್ರೇಕ್ ಕೈಕೊಟ್ಟಿತು ಎನ್ನುತ್ತೇನೆ. ಗೋಡೆ ಎಂದರೆ ಬೆಟ್ಟದ ನೆತ್ತಿಯ ಕೆಳಗಿರುವ ಕಡಿದಾದ ಬಂಡೆ ಇಳಿಜಾರು. ಹಾದಿ ಅಲ್ಲಿ ಕವಲೊಡೆಯುತ್ತದೆ. ಎಡಕ್ಕೆ ಗೋಡೆ, ಬಲಕ್ಕೆ ಸುತ್ತುದಾರಿ. ಸೈಕಲ್ಲಿನಲ್ಲಿ ಬೆಟ್ಟ ನೋಡಲು ಬರುವ ಹೋಟೆಲ್ ಅತಿಥಿಗಳನ್ನು ನಾವು ಕರೆದೊಯ್ಯುವುದು ಬಲಕ್ಕೇ. ಗೋಡೆ ಇಳಿಯುವವನು ಊರಿಗೆಲ್ಲ ನಾನೊಬ್ಬನೇ. ಹೆಂಡತಿಯನ್ನೂ ಅಲ್ಲಿ ಇಳಿಯಲು ಬಿಟ್ಟಿಲ್ಲ. "ನಿನಗೆ ಬೇಡ ಕಣೇ" ಎಂದರೆ ಅವಳೂ ಹಟ ಮಾಡಿದವಳಲ್ಲ, ಸುಮ್ಮನೆ ಬಲಕ್ಕೆ ತಿರುಗುತ್ತಿದ್ದಳು.

ನನ್ನ ಸೈಕಲ್ಲನ್ನು ಯಾರೋ ತಂದು ಹಿಂದಿನ ಷೆಡ್ಡಿನಲ್ಲಿ ನಿಲ್ಲಿಸಿ ಮೇಲೆ ಟಾರ್ಪಾಲು ಹೊದಿಸಿದ್ದಾರಂತೆ. ನಾನು ಹೋಗಿ ನೋಡಿಲ್ಲ. ನೋಡುವ ಮನಸ್ಸೂ ಇಲ್ಲ.

ಸೆಪ್ಟೆಂಬರ್ ೮, ಸೋಮವಾರ

ಹೋಟೆಲ್ ಮ್ಯಾನೇಜರ್ ಫೋನು. ಶನಿವಾರ ಅತಿಥಿಗಳಿದ್ದಾರೆ, ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೀರಾ ಎಂದು. ಆಗುವುದಿಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಫೋನು ಕಸಿದುಕೊಂಡು "ಕಳಿಸಿ ಸಾರ್" ಎಂದುಬಿಟ್ಟಳು.

"ಮುಂದೆ ಯಾರು ಹೋಗ್ತಾರೆ?"

"ನಾನು."

"ಕೊನೇಲಿ?"

"ಸರ್ವೆಯವರನ್ನ ಕೇಳಿದೀನಿ. ಹೂಂ ಅಂದಿದಾರೆ."

ಎಂದರೆ ಮೊದಲೇ ಕೇಳಿದ್ದಾಳೆ. ಮುಂದೆ ಹೋಗುವವನು ದಾರಿ ಆರಿಸುತ್ತಾನೆ, ಕವಲು ಬಂದಲ್ಲೆಲ್ಲ ನಿಲ್ಲುತ್ತಾನೆ. ಕೊನೆಯಲ್ಲಿ ಬರುವವರು "ಎಲ್ಲಾ ಬಂದ್ರು" ಎಂದು ಕೂಗಿದ ಮೇಲೆಯೇ ಹೊರಡುತ್ತಾನೆ. ಇಬ್ಬರಿಲ್ಲದೆ ಗುಂಪು ಹೊರಡುವಂತಿಲ್ಲ. ನಮ್ಮ ಸೈಕಲ್ ಅಂಗಡಿ ತೆರೆದ ದಿನದಿಂದ ಮುಂದೆ ನಾನು, ಕೊನೆಯಲ್ಲಿ ಅವಳು. ಈಗ ಅವಳು ಮುಂದೆ, ಕೊನೆಯಲ್ಲಿ ಅವನು.

ಈ ಸರ್ವೆಯವನು ಕುಡಿಯುವ ನೀರಿನ ಪೈಪಿಗೆ ಬೆಟ್ಟ ಅಳೆಯಲು ಬಂದವನು. ನಮ್ಮ ಬೀದಿಯ ಕೊನೆಯಲ್ಲೇ ಬಾಡಿಗೆ ಕೋಣೆ. ದಿನಾ ಸಂಜೆ ಯಾವುದೋ ನಟ್ಟು ಸಡಿಲವಾಗಿದೆ ಎಂದು ಅಂಗಡಿಗೆ ಬರುತ್ತಾನೆ. ಅವನ ಸೈಕಲ್ಲಿನಲ್ಲಿ ಅಷ್ಟು ನಟ್ಟುಗಳೇ ಇಲ್ಲ. ನಾನು ಅವನಿಗೆ ನಕ್ಷೆರಾಯ ಎಂದು ಹೆಸರಿಟ್ಟಿದ್ದೇನೆ. ಮನಸ್ಸಿನಲ್ಲಿ.

ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಏನು ಅಳಿಯಂದಿರೇ, ಮುರಿದಿದ್ದು ಭುಜ ತಾನೇ? ಮುಖ ಯಾಕೆ ಊದಿದೆ?" ಅವರಿಗೆ ಹಲ್ಲು ಕಡಿಮೆ, ನಾಲಿಗೆ ಹಾಗಲ್ಲ.

ಸೆಪ್ಟೆಂಬರ್ ೧೩, ಶನಿವಾರ

ಮಹಡಿಯ ಬಾಲ್ಕನಿಯಿಂದ ಬೆಟ್ಟದ ಈ ಮಗ್ಗುಲು ಪೂರ್ತಿ ಕಾಣುತ್ತದೆ. ಬೆಳಿಗ್ಗೆಯಿಂದ ಬೈನಾಕ್ಯುಲರ್ ಹಿಡಿದು ಕೂತಿದ್ದೆ. ಕಾಳಜಿಗೆ, ಬೇರೇನಿಲ್ಲ.

ಇವಳು ಕಲ್ಲುರಸ್ತೆ ಹಿಡಿದು ನೇರ ಏರಿಸಲಿಲ್ಲ. ಕೆಳಗಿನ ತಿರುವಿನಲ್ಲೇ ಕುರಿಗಳು ಓಡಾಡುವ ಹಾದಿಗೆ ಇಳಿಸಿದಳು. ಆ ಹಾದಿ ಬೆಟ್ಟದ ಸೊಂಟ ಬಳಸಿಕೊಂಡು ಹೋಗುತ್ತದೆ, ಏರಿದ್ದೇ ಗೊತ್ತಾಗುವುದಿಲ್ಲ. ನನಗೆ ನಗು ಬಂತು. ಬೆಟ್ಟ ಹತ್ತಬೇಕು. ಸುತ್ತುವುದಾದರೆ ಸೈಕಲ್ಲು ಯಾಕೆ, ಬಸ್ಸಿದೆ. ನಾನು ಇಷ್ಟು ವರ್ಷ ಜನರನ್ನು ಕಲ್ಲುರಸ್ತೆಯಲ್ಲಿ ಏರಿಸಿದ್ದು ಸುಮ್ಮನೆಯೇ? ಅರ್ಧ ಜನ ಇಳಿದು ತಳ್ಳುತ್ತಿದ್ದರು ನಿಜ. ತಳ್ಳಿದವರಿಗೇ ಬೆಟ್ಟದ ಬೆಲೆ ಗೊತ್ತಾಗುವುದು.

ಇವತ್ತು ಯಾರೂ ತಳ್ಳಲಿಲ್ಲ.

ಮೊದಲ ಕವಲಿನಲ್ಲಿ "ಎಲ್ಲಾ ಬಂದ್ರು" ಎಂಬ ಕೂಗು ಕೇಳಿಸಿತು. ಗಂಡುದನಿ. ಆ ಮಾತಿಗೆ ಆ ದನಿ ಹೊಂದುವುದೇ ಇಲ್ಲ.

ಸೆಪ್ಟೆಂಬರ್ ೧೪, ಭಾನುವಾರ

ಇವತ್ತೂ ಹೋದರು. ಇವತ್ತೂ ಕುರಿಹಾದಿ. ಕಾಫಿ ತಣ್ಣಗಿತ್ತು.

ಸೆಪ್ಟೆಂಬರ್ ೨೧, ಭಾನುವಾರ

ಮ್ಯಾನೇಜರ್ ಮತ್ತೆ ಫೋನು ಮಾಡಿದ. ನನ್ನ ಆರೋಗ್ಯ ವಿಚಾರಿಸಿದ, ಅದಕ್ಕೆ ಒಂದು ಉಸಿರು ಸಾಕಾಯಿತು. ಉಳಿದಿದ್ದೆಲ್ಲ ಹೊಗಳಿಕೆ. "ನಮ್ಮ ಅತಿಥಿಗಳು ಮೇಡಂ ಬಗ್ಗೆನೇ ಮಾತಾಡ್ತಿದಾರೆ ಸಾರ್. ತುದಿ ಮುಟ್ಟಿದಾಗ ಉಸಿರು ಉಳಿದಿತ್ತಂತೆ, ಸುತ್ತ ನೋಡೋಕೆ ಆಯ್ತಂತೆ. ನೀವು ಹುಷಾರಾದ್ಮೇಲೂ ಅವರನ್ನೇ ಮುಂದೆ ಕಳಿಸಿ."

ಆಗಲಿ ಎಂದೆ. ಫೋನು ಇಟ್ಟ ಮೇಲೆ ಅತ್ತೆಯ ಹತ್ತಿರ ರಾಂಗ್ ನಂಬರ್ ಎಂದೆ.

"ರಾಂಗ್ ನಂಬರ್‌ಗೆ ಇಷ್ಟು ಹೊತ್ತು ಹೂಂ ಹೂಂ ಅಂತಿದ್ರಾ?" ಎಂದರು.

ಸೆಪ್ಟೆಂಬರ್ ೨೪, ಬುಧವಾರ

ಗುಂಪಿಲ್ಲದ ದಿನವೂ ಇವಳು ಬೆಳಿಗ್ಗೆಯೇ ಎದ್ದು ಹೋಗುತ್ತಾಳೆ. ಇವತ್ತು ಮರಳಿ ಬಂದಾಗ ಮೊಣಕೈ ತರಚಿತ್ತು, ಪ್ಯಾಂಟಿನ ಮಂಡಿ ಹರಿದಿತ್ತು.

"ಎಲ್ಲಿ ಬಿದ್ದೆ?"

"ಸುಮ್ನೆ ದಾರಿ ನೋಡ್ಕೊಂಡು ಬರೋಣ ಅಂತ ಹೋಗಿದ್ದೆ ರೀ."

ಎಲ್ಲಿ ಎಂದು ಕೇಳಿದರೆ ಸುಮ್ಮನೆ ಎನ್ನುತ್ತಾಳೆ. ಮುಖ ಮಾತ್ರ ಹಬೆಯಾಡುವ ಹಾಗೆ ಹೊಳೆಯುತ್ತಿತ್ತು. ಬಿದ್ದು ಬಂದವರ ಮುಖ ಹಾಗಿರುವುದಿಲ್ಲ. ನನಗೆ ಗೊತ್ತಿದೆ, ನಾನೂ ಬಿದ್ದವನೇ.

ಸೆಪ್ಟೆಂಬರ್ ೨೮, ಭಾನುವಾರ

ಸಂಜೆ ಮೆಟ್ಟಿಲಿಳಿಯುವಾಗ ಅಂಗಡಿಯಲ್ಲಿ ನಗು. ಪಂಕ್ಚರ್ ನೋಡುವ ನೀರಿನ ಬೋಗುಣಿಯನ್ನು ಪಕ್ಕಕ್ಕೆ ತಳ್ಳಿ, ಕೆಲಸದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಇಬ್ಬರೂ ಬಗ್ಗಿದ್ದರು. ನಕ್ಷೆಯ ತುದಿ ಸುರುಳಿಯಾಗದಂತೆ ನನ್ನ ಸ್ಪ್ಯಾನರ್ ಇಟ್ಟಿದ್ದರು. ನನ್ನ ಸ್ಪ್ಯಾನರ್!

"ಬನ್ನಿ ಸಾರ್, ನೋಡಿ, ಈ ಗೆರೆಗಳು ಹತ್ತಿರ ಹತ್ತಿರ ಇದ್ರೆ ಏರು ಜಾಸ್ತಿ" ಎಂದ ನಕ್ಷೆರಾಯ.

ನಾನು ಹುಟ್ಟಿದ್ದೇ ಆ ಏರಿನ ಕೆಳಗೆ. ನನಗೆ ಗೆರೆ ತೋರಿಸುತ್ತಾನೆ. ತಲೆನೋವು ಎಂದು ಮೇಲೆ ಬಂದೆ. ಕೆಳಗೆ ನಗು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಯಿತು. ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ ಎಂದು ಇಲ್ಲಿ ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ.

ಅಕ್ಟೋಬರ್ ೩, ಶುಕ್ರವಾರ

ಜೋಲಿ ತೆಗೆದರು. ಸೈಕಲ್ ಇನ್ನೂ ಮುಟ್ಟಬಾರದು, ನಡೆಯಬಹುದು. ಇವಳು ಪೇಟೆಗೆ ಹೋದದ್ದೇ ತಡ, ನಡೆದೇ ಬೆಟ್ಟ ಹತ್ತಿದೆ.

ಹತ್ತಬಾರದಿತ್ತು.

ಕವಲಿನ ಹತ್ತಿರ ನೆಲ ಹಸಿ. ಚಕ್ರದ ಗುರುತುಗಳು ಬಲಕ್ಕೆ ಹೋಗಿರಲಿಲ್ಲ. ಎಡಕ್ಕೆ, ಗೋಡೆಯ ಕಡೆಗೆ ಹೋಗಿದ್ದವು. ಎರಡು ಸೈಕಲ್ಲು. ಒಂದು ಇವಳದು, ಚೌಕ ಚೌಕ ಉಬ್ಬುಗಳ ಟೈರು, ಅಂಚು ಸವೆದದ್ದು. ಇನ್ನೊಂದು ಬಾಣದ ಮೊನೆಯಂಥ ಉಬ್ಬುಗಳದು. ಆ ಟೈರು ಊರಿನಲ್ಲಿ ಬೇರೆ ಯಾರ ಸೈಕಲ್ಲಿನಲ್ಲೂ ಇಲ್ಲ. ಎರಡು ಜೊತೆ ತರಿಸಿದ್ದೆ. ಒಂದು ಜೊತೆ ನಕ್ಷೆರಾಯನಿಗೆ ಮಾರಿದೆ, ನಾನೇ ನನ್ನ ಕೈಯಾರೆ ಹಾಕಿಕೊಟ್ಟೆ. ಇನ್ನೊಂದು ಅಂಗಡಿಯ ಗೋಡೆಗೆ ತೂಗುಹಾಕಿದೆ.

ಮನುಷ್ಯರ ಮುಖ ಮರೆತೇನು, ಟೈರಿನ ಗುರುತು ಮರೆಯುವವನಲ್ಲ. ಯಾರು ಎಲ್ಲಿ ಬ್ರೇಕ್ ಹಿಡಿದರು, ಎಲ್ಲಿ ಹೆದರಿದರು ಎಂದು ಮಣ್ಣು ನೋಡಿ ಹೇಳುತ್ತೇನೆ. ಎರಡು ಗುರುತೂ ಒಂದನ್ನೊಂದು ಬಳಸಿಕೊಂಡು, ಒಂದರ ಮೇಲೊಂದು ಹಾಯ್ದು, ಬಂಡೆಯ ಅಂಚಿನವರೆಗೆ ಹೋಗಿದ್ದವು. ಅಂಚಿನಲ್ಲಿ ಕೂತ ಜಾಗವೂ ಇತ್ತು, ಹುಲ್ಲು ಮಲಗಿತ್ತು.

ನನ್ನ ಗೋಡೆಗೆ, ನಾನು ಬೇಡ ಎಂದ ಜಾಗಕ್ಕೆ, ಅವನನ್ನು ಕರೆದುಕೊಂಡು ಹೋಗಿದ್ದಾಳೆ. ನಾನಿಲ್ಲಿ ಬೆರಳು ಆಡಿಸುತ್ತ ಕೂತಿದ್ದೆ.

ಅಕ್ಟೋಬರ್ ೪, ಶನಿವಾರ

ಬೆಳಿಗ್ಗೆ ಇವಳು ಸ್ನಾನಕ್ಕೆ ಹೋಗಿದ್ದಾಗ ನಕ್ಷೆರಾಯ ಬಂದ. ಹೆಲ್ಮೆಟ್ ಹಾಕಿಕೊಂಡೇ ಬಂದಿದ್ದ, ದೊಡ್ಡ ವೀರನ ಹಾಗೆ. "ಇನ್ಮೇಲೆ ನೀವು ಬರೋದು ಬೇಡ" ಎಂದೆ.

"ಇವತ್ತು ಗುಂಪಿದೆಯಲ್ಲಾ ಸಾರ್?"

"ಯಾಕೆ ಅಂತ ನಿಮಗೇ ಗೊತ್ತು."

ಅವನು ನನ್ನ ಮುಖವನ್ನೇ ನೋಡಿದ. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನಡೆದು ಹೋದ. ಏನೂ ಕೇಳಲಿಲ್ಲ. ತಪ್ಪಿತಸ್ಥರು ಕೇಳುವುದಿಲ್ಲ ಎಂದುಕೊಂಡೆ.

ಗುಂಪು ಬಂತು, ಕೊನೆಯಲ್ಲಿ ಹೋಗಲು ಯಾರೂ ಇಲ್ಲ. ಇವಳು ಎಲ್ಲರ ಹತ್ತಿರ ಕ್ಷಮೆ ಕೇಳಿ ಕಳಿಸಿಕೊಟ್ಟಳು. ಅಂಗಡಿಯ ಷಟರ್ ಅರ್ಧ ಎಳೆದು ನನ್ನ ಕಡೆ ತಿರುಗಿದಳು.

"ಅವರಿಗೆ ಏನಂದ್ರಿ?"

ಅಂದೆ. ಎಲ್ಲ ಅಂದೆ. ಬಾಣದ ಗುರುತು, ಚೌಕದ ಗುರುತು, ಮಲಗಿದ ಹುಲ್ಲು. ಮೆಟ್ಟಿಲ ಮೇಲೆ ಅತ್ತೆ ನಿಂತಿದ್ದು ಕಂಡರೂ ನಿಲ್ಲಿಸಲಿಲ್ಲ. ಬಾಯಿಗೆ ಬ್ರೇಕ್ ಇರಲಿಲ್ಲ.

ಅವಳು ನನ್ನ ಎಡಗೈ ಹಿಡಿದು ಹಿಂದಿನ ಷೆಡ್ಡಿಗೆ ಎಳೆದುಕೊಂಡು ಹೋಗಿ ಟಾರ್ಪಾಲು ಕಿತ್ತೆಸೆದಳು.

ನನ್ನ ಸೈಕಲ್ಲು. ಚಕ್ರದ ತುಂಬ ಒಣಗಿದ ಕೆಸರು. ಎರಡರಲ್ಲೂ ಬಾಣದ ಟೈರು.

"ಅಂಗಡಿ ಗೋಡೆಗೆ ತೂಗುಹಾಕಿದ್ಯಲ್ಲ, ಆ ಜೊತೆ ಅಲ್ಲಿದ್ಯಾ ಅಂತ ಒಂದ್ಸಲ ತಲೆಯೆತ್ತಿ ನೋಡಿದ್ಯಾ ನೀನು?" ಎಂದಳು. ಮದುವೆಯಾದಾಗಿನಿಂದ ನನ್ನನ್ನು ನೀನು ಎಂದವಳಲ್ಲ. "ಮೊದಲು ನನ್ನ ಸೈಕಲ್ ತಗೊಂಡು ಹೋದೆ. ಆಗ್ಲಿಲ್ಲ, ಬಿದ್ದೆ. ಮಳೆ ಬಂತು. ಆಮೇಲೆ ಇದಕ್ಕೆ ಹೊಸ ಟೈರ್ ಹಾಕ್ಕೊಂಡು ಹೋದೆ. ನನ್ನ ಗುರುತಿನ ಮೇಲೆ ಮಳೆ ಬಿದ್ದಿತ್ತು, ಇದರ ಗುರುತಿನ ಮೇಲೆ ಬಿದ್ದಿರಲಿಲ್ಲ. ಮಣ್ಣು ನೋಡಿ ಎಲ್ಲಾ ಹೇಳೋನು ನೀನು, ಅದು ಕಾಣಿಸ್ಲಿಲ್ವಾ?"

ಕಾಣಿಸಿತ್ತು. ಅಂಚು ಸವೆದದ್ದು ಟೈರಿನದಲ್ಲ, ಮಳೆ ಬಿದ್ದ ಗುರುತಿನದು. ಹೊಸದಾಗಿ ಕಲಿಯುವವನೂ ಮಾಡದ ತಪ್ಪು.

"ನಾನು ಯಾರ ಜೊತೆನೂ ಹೋಗಿಲ್ಲ" ಎಂದಳು. "ನಿನ್ನ ಸೈಕಲ್ ಜೊತೆ ಹೋಗಿದ್ದೆ."

ಆಗಲಾದರೂ ಬೇರೆ ಏನಾದರೂ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟು: "ಇಳಿದ್ಯಾ?"

"ಇಳಿದೆ."

ಅಕ್ಟೋಬರ್ ೫, ಭಾನುವಾರ

ಅವಳು ನಕ್ಷೆರಾಯನ ಜೊತೆ ಹೋಗಿದ್ದರೇ ವಾಸಿಯಿತ್ತು.

ಇದನ್ನು ಬರೆದು ನಾನೇ ಬೆಚ್ಚಿದೆ. ಆದರೆ ಹೊಡೆದುಹಾಕುವುದಿಲ್ಲ. ಅವನ ಮೇಲಾದರೆ ಸಿಟ್ಟು ಮಾಡಿಕೊಂಡು ಇರಬಹುದಿತ್ತು. ನಾನು ಬಿದ್ದ ಗೋಡೆಯನ್ನು ಅವಳು ಇಳಿದಿದ್ದಾಳೆ, ಈಗ ಯಾರ ಮೇಲೆ ಮಾಡಿಕೊಳ್ಳಲಿ?

ಅಕ್ಟೋಬರ್ ೮, ಬುಧವಾರ

ಮನೆಯಲ್ಲಿ ಮಾತಿಲ್ಲ. ‘ನೀನು’ ಹೋಗಿ ಮತ್ತೆ ‘ನೀವು’ ಬಂದಿದೆ, ಆದರೆ ಅದು ಬ್ಯಾಂಕಿನ ಕೌಂಟರಿನಲ್ಲಿ ಕೂತವರು ಹೇಳುವ ‘ನೀವು’. "ನೀವು ಊಟ ಮಾಡ್ತೀರಾ?" "ನೀವು ಷಟರ್ ಎಳೀತೀರಾ?"

ಅತ್ತೆ ಬಟ್ಟೆ ಮಡಿಸುತ್ತ, ನನ್ನ ಮುಖ ನೋಡದೆ ಹೇಳಿದರು. ಬೆಟ್ಟದ ಆಚೆ ಮಗ್ಗುಲಲ್ಲಿ ಹೊಸದಾಗಿ ಸೈಕಲ್ ಕಂಪನಿಯೊಂದು ಶುರುವಾಗಿದೆ. ಮುಂದೆ ಹೋಗಲು ಇವಳನ್ನು ಕರೆದಿದ್ದಾರೆ. ಇರಲು ಮನೆಯನ್ನೂ ಕೊಡುತ್ತಾರೆ.

"ಏನಂದಳಂತೆ?"

"ಯೋಚನೆ ಮಾಡಿ ಹೇಳ್ತೀನಿ ಅಂದಳಂತೆ." ಒಂದು ಟವೆಲ್ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ನಾನಾಗಿದ್ರೆ ಯೋಚನೆನೂ ಮಾಡ್ತಿರಲಿಲ್ಲ ಅಳಿಯಂದಿರೇ."



ಅಕ್ಟೋಬರ್ ೧೧, ಶನಿವಾರ

ನಕ್ಷೆರಾಯನ ಕೋಣೆಗೆ ಹೋದೆ. ಒಂದು ಮಂಚ, ಒಂದು ಮೇಜು, ಗೋಡೆಯ ತುಂಬ ನಕ್ಷೆ. ಕಾಲಿಡಲು ಜಾಗವಿಲ್ಲ, ಸೈಕಲ್ಲನ್ನೂ ಒಳಗೇ ಇಟ್ಟುಕೊಂಡಿದ್ದಾನೆ. ತಪ್ಪಾಯಿತು ಎಂದೆ. ಹೇಗೆ ತಪ್ಪಾಯಿತು ಎಂದೂ ಹೇಳಿದೆ. ಅವನಿಗೆ ಪೂರ್ತಿ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮಂಚದ ಮೇಲೆ ಕುಸಿದು ಕೂತ.

"ಗೋಡೆಗಾ? ನಾನಾ? ಸಾರ್, ಅದನ್ನ ಅಳೆಯೋಕೆ ಹೋದಾಗ್ಲೇ ನನಗೆ ತಲೆಸುತ್ತು ಬಂದು ಹುಲ್ಲು ಹಿಡ್ಕೊಂಡು ಕೂತಿದ್ದೆ. ಕೊನೇಲಿ ಬರ್ತೀನಿ ಅಂತ ಯಾಕೆ ಒಪ್ಕೊಂಡೆ ಅಂದ್ಕೊಂಡ್ರಿ? ಕೊನೇಲಿ ಇದ್ರೆ ನಿಧಾನ ಹೋದ್ರೂ ಯಾರೂ ಕೇಳಲ್ಲ."

ನಗಬಾರದು ಎಂದುಕೊಂಡೆ, ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆಮೇಲೆ ಗಂಭೀರನಾಗಿ, "ಒಂದು ಹೇಳ್ಲಾ ಸಾರ್? ನಕ್ಷೆ ಹಾಕ್ಕೊಂಡು ಕೂತಾಗ ಮೇಡಂ ಕೇಳೋದೆಲ್ಲ ನಿಮ್ಮ ಬಗ್ಗೆನೇ. ಇಲ್ಲಿ ಅವರು ಹೇಗೆ ತಿರುಗಿಸ್ತಿದ್ರು, ಅಲ್ಲಿ ಯಾಕೆ ಬಿದ್ರು ಅಂತ. ಇಷ್ಟು ವರ್ಷ ನಿಮ್ಮ ಹಿಂದೆ ಬಂದಿದಾರಲ್ಲ, ನಿಮ್ಮ ಒಂದೊಂದು ತಿರುವೂ ಅವರಿಗೆ ಬಾಯಿಪಾಠ" ಎಂದ.

ಮುಂದೆ ಇದ್ದವನಿಗೆ ಹಿಂದೆ ಏನು ನಡೆಯುತ್ತದೆ ಎಂದು ಕಾಣುವುದಿಲ್ಲ.

ಮುಂದಿನ ವಾರದಿಂದ ಬರುತ್ತಾನಂತೆ. ಇವಳಿಗೆ ಹೇಳಿದೆ. "ಸರಿ" ಎಂದಳು, ಅಷ್ಟೇ. ಆಚೆಯ ಕಂಪನಿಯವರ ವಿಷಯ ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.

ಅಕ್ಟೋಬರ್ ೧೯, ಭಾನುವಾರ

ಮತ್ತೆ ಬಾಲ್ಕನಿ. ಈ ಸಲ ಗುಂಪು ದೊಡ್ಡದು, ಅದರಲ್ಲೊಬ್ಬ ಭಾರಿ ಆಳು, ಮೊದಲ ತಿರುವಿನಲ್ಲೇ ಹಿಂದೆ ಬಿದ್ದ. ಇವಳು ಕುರಿಹಾದಿ ಹಿಡಿದು ಅರ್ಧಕ್ಕೆ ಹೋದವಳು ಇದ್ದಕ್ಕಿದ್ದಂತೆ ಕೆಳಗಿನ ತೊರೆಯ ಪಕ್ಕದ ಹಾದಿಗೆ ಇಳಿಸಿದಳು. ಏನಿದು ಹುಚ್ಚು, ಇಳಿದರೆ ಮತ್ತೆ ಏರಬೇಕಲ್ಲ ಎಂದು ಬೈದುಕೊಂಡೆ. ಆಮೇಲೆ ಹೊಳೆಯಿತು. ಮೇಲಿನ ಹಾದಿಯಲ್ಲಿ ಆ ಹೊತ್ತಿಗೆ ಎದುರು ಬಿಸಿಲು, ಎದುರು ಗಾಳಿ. ತೊರೆಯ ಪಕ್ಕ ನೆರಳು. ಇಳಿಯುವಾಗ ಭಾರಿ ಆಳಿಗೆ ಅವನ ತೂಕವೇ ಅನುಕೂಲವಾಗಿ ಎಲ್ಲರನ್ನೂ ಹಿಂದೆ ಹಾಕಿ ಇವಳ ಹಿಂದೆಯೇ ಬಂದ. ಆಮೇಲಿನ ಏರು ಚಿಕ್ಕದು, ಆ ಹುರುಪಿನಲ್ಲೇ ಏರಿಬಿಟ್ಟ. ತುದಿಯಲ್ಲಿ ಕೈ ಮೇಲೆತ್ತಿ ಕುಣಿದದ್ದು ಇಲ್ಲಿಗೂ ಕಾಣಿಸಿತು.

ನಾನಾಗಿದ್ದರೆ ಅವನನ್ನು ನಡುದಾರಿಯಲ್ಲೇ ವಾಪಸು ಕಳಿಸುತ್ತಿದ್ದೆ.

ತೊರೆಹಾದಿಯ ಎರಡನೇ ತಿರುವನ್ನು ಅವಳು ಹೇಗೆ ತೆಗೆದುಕೊಂಡಳು ಎಂಬುದು ಮಾತ್ರ ಮರ ಅಡ್ಡ ಬಂದು ಕಾಣಲಿಲ್ಲ. ಅಲ್ಲಿ ಬೇರುಗಳಿವೆ, ಒದ್ದೆಯಾದರೆ ಜಾರುತ್ತವೆ. ಒಳಮಗ್ಗುಲೋ, ಹೊರಮಗ್ಗುಲೋ? ಬಂದ ಮೇಲೆ ಕೇಳಿದೆ.

"ಒಳಗೂ ಅಲ್ಲ, ಹೊರಗೂ ಅಲ್ಲ" ಎಂದಳು. ಪಂಕ್ಚರ್ ಹಾಕುತ್ತಿದ್ದವಳು ಕೈ ನಿಲ್ಲಿಸಿ ಮೇಜಿನ ಮೇಲೆ ಒದ್ದೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಗೆರೆ ಒಣಗುವವರೆಗೆ ಇಬ್ಬರೂ ನೋಡುತ್ತಿದ್ದೆವು. ಅಂಥ ದಾರಿ ನನಗೆ ಯಾಕೆ ಹೊಳೆಯಲಿಲ್ಲ? ರಾತ್ರಿ ಊಟ ಸೇರಲಿಲ್ಲ.

ನವೆಂಬರ್ ೧, ಶನಿವಾರ

ಡಾಕ್ಟರ್ ಒಪ್ಪಿದರು, ಸಣ್ಣಪುಟ್ಟ ದಾರಿಗೆ ಹೋಗಬಹುದು. ನಕ್ಷೆರಾಯನಿಗೆ ಕಚೇರಿ ಕೆಲಸವಿತ್ತು. ಹಾಗಾಗಿ ಕೊನೆಯಲ್ಲಿ ನಾನು.

ಕೊನೆಯಲ್ಲಿ ಇರುವುದು ಎಷ್ಟು ಹಿಂಸೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಮುಂದೆ ಬರೀ ಬೆನ್ನುಗಳು. ಅವಳು ಎಲ್ಲೋ ದೂರದಲ್ಲಿ, ಒಂದು ತಿರುವಿಗೆ ಕಂಡು ಇನ್ನೊಂದು ತಿರುವಿಗೆ ಮರೆ. ಅವಳ ಚಕ್ರದ ಹಿಂದೆಯೇ ಒಬ್ಬ ಚಿಗುರುಮೀಸೆಯ ಅತಿಥಿ ಅಂಟಿಕೊಂಡಿದ್ದ. ಅವಳು ಕಲ್ಲು ತಪ್ಪಿಸುವುದನ್ನೆಲ್ಲ ಅವನು ನೋಡುತ್ತಿದ್ದಾನೆ, ಅದರ ತಲೆಬುಡ ಅವನಿಗೆ ಗೊತ್ತಾಗುತ್ತಿಲ್ಲ. ಇಲ್ಲಿ ಗೊತ್ತಾಗುವವನಿಗೆ ನೋಡಲು ಸಿಗುತ್ತಿಲ್ಲ. ಆ ಹುಡುಗನನ್ನು ಕುತ್ತಿಗೆ ಹಿಡಿದು ಹಿಂದಕ್ಕೆ ಎಳೆಯಬೇಕು ಅನ್ನಿಸಿತು.

ಇಳಿದು ಬಂದ ಮೇಲೆ ಅವನು ಅವಳ ಹತ್ತಿರ "ಸೂಪರ್ ಮೇಡಂ" ಎಂದ. ಸೂಪರ್ ಅಂತೆ. ಏನು ಸೂಪರ್, ಎಲ್ಲಿ ಸೂಪರ್, ಹೇಳಲಿ ನೋಡೋಣ.

ನವೆಂಬರ್ ೪, ಮಂಗಳವಾರ

ಗುಂಪಿಲ್ಲ. ಬೆಳಿಗ್ಗೆ ಅವಳು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾಗ "ನಾನೂ ಬರ್ಲಾ?" ಎಂದೆ. ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನನ್ನ ಸೈಕಲ್ಲನ್ನು ಅವಳಿಗೇ ಕೊಟ್ಟು, ಅವಳದನ್ನು ನಾನು ತೆಗೆದುಕೊಂಡೆ.

ಕವಲಿಗೆ ಬಂದಾಗ ನಿಂತಳು. ಒಂದು ಕಾಲು ನೆಲಕ್ಕೂರಿ ನನ್ನ ಕಡೆ ತಿರುಗಿದಳು. ಎಡಕ್ಕೆ ಗೋಡೆ.

"ಯಾರು ಮುಂದೆ?" ಎಂದಳು.

ಬಾಯಿಗೆ ಮೊದಲು ಬಂದದ್ದು ಹಳೆಯ ಮಾತೇ, ನಿನಗೆ ಬೇಡ ಕಣೇ. ನುಂಗಿಕೊಂಡೆ. ಅವಳು ಕಾಯುತ್ತಿದ್ದಳು. ಈ ಉತ್ತರದ ಮೇಲೆ ಬಹಳ ನಿಂತಿದೆ ಎಂದು ನನಗೆ ಗೊತ್ತಿತ್ತು. ಆಚೆಯ ಕಂಪನಿಯ ಮನೆ, ಅತ್ತೆ ಮಡಿಸಿಟ್ಟ ಬಟ್ಟೆ, ಎಲ್ಲ.

"ನೀನು ಹೋಗು" ಎಂದೆ. "ನಾನು ನೋಡ್ಬೇಕು."

ಹೋದಳು. ಅಂಚಿನಲ್ಲಿ ನಾನು ಯಾವಾಗಲೂ ಬ್ರೇಕ್ ಹಿಡಿಯುವ ಜಾಗದಲ್ಲಿ ಹಿಡಿಯಲಿಲ್ಲ. ನಾನು ಚಕ್ರದ ಬುಡ ನೋಡಿಕೊಂಡು ಇಳಿಯುತ್ತಿದ್ದೆ, ಅವಳು ಬಂಡೆಯ ಕೊನೆಯನ್ನು ನೋಡುತ್ತಿದ್ದಳು. ಮೈಯನ್ನು ಹಿಂದಕ್ಕೆ ತಂದು, ಬಂಡೆಯ ಎರಡನೇ ಸೀಳಿನ ಹತ್ತಿರ ಸೈಕಲ್ಲನ್ನು ಎಡಕ್ಕೆ ಒಂದಿಷ್ಟು ವಾಲಿಸಿದಳು, ಅಷ್ಟೇ. ನಾನು ಮೂಳೆ ಮುರಿದುಕೊಂಡದ್ದು ಅಲ್ಲೇ. ಅಲ್ಲಿ ದಾರಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಕೆಳಗೆ ಮುಟ್ಟಿದಾಗ ಧೂಳೂ ಏಳಲಿಲ್ಲ.

ನನಗೆ ಇಳಿಯುವ ಧೈರ್ಯ ಬರಲಿಲ್ಲ. ಬಲಕ್ಕೆ ತಿರುಗಿ ಸುತ್ತುದಾರಿ ಹಿಡಿದೆ. ಅವಳು ಕೆಳಗೆ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದಳು.

"ಹೇಗಿತ್ತು?"

"ಎರಡನೇ ಸೀಳಿನ ಹತ್ರ ಸ್ವಲ್ಪ ನಿಧಾನ ಮಾಡಬಹುದಿತ್ತು" ಎಂದೆ.

ಅವಳು ನಕ್ಕಳು. ಎಷ್ಟು ವಾರಗಳಾಗಿದ್ದವು, ಆ ನಗು ನನ್ನ ಕಡೆ ತಿರುಗಿ. ನಿಧಾನ ಮಾಡಬೇಕಿರಲಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

"ಆಚೆಯವರಿಗೆ ಬರಲ್ಲ ಅಂತ ಹೇಳ್ತೀನಿ" ಎಂದಳು. "ನಿಮಗೋಸ್ಕರ ಅಂದ್ಕೋಬೇಡಿ ರೀ. ಅಲ್ಲಿ ಗೋಡೆ ಇಲ್ಲ."

ಆ ಗೋಡೆಯ ಮೇಲೂ ನನಗೆ ಹೊಟ್ಟೆ ಉರಿಯಿತು. ಮತ್ತೊಂದು ಸಲ ಇಳಿ ಎಂದೆ.